ಸೂಜಿಚಿಟ್ಟೆಯೂ ಜಮಖಾನದ ತುದಿಯೂ

ಮೊನ್ನೆ ಬೆಳಿಗ್ಗೆ ನನ್ನ ಅಂಗಡಿಗೆ ಒಂದು ಸೂಜಿಚಿಟ್ಟೆ ಬಂದಿತ್ತು. ತರೀಕೆರೆ ಪೇಟೆಯಲ್ಲಿ ಒಂದು ಕಡೆ ಮೊಬೈಲ್ ಅಂಗಡಿ, ಇನ್ನೊಂದು ಕಡೆ ಬೇಕರಿ, ಎರಡರ ನಡುವೆ ಸಿಕ್ಕಿಹಾಕಿಕೊಂಡಿರುವ ನನ್ನ ಟೈಲರಿಂಗ್ ಅಂಗಡಿಗೆ ಅದು ಹೇಗೆ ದಾರಿ ಕಂಡುಕೊಂಡಿತೋ ಗೊತ್ತಿಲ್ಲ. ಬಂದದ್ದು ಅತ್ತಿತ್ತ ನೋಡದೆ ಮಿಷನ್ನಿನ ಮೇಲೆ ದಾರದುಂಡೆ ಸಿಕ್ಕಿಸುವ ಕಡ್ಡಿಯ ತುದಿಗೆ ಹೋಗಿ ಕೂತಿತು. ನಾನು ತುಳಿಯುವುದನ್ನು ನಿಲ್ಲಿಸಿದೆ. ಅದು ಎದ್ದು ಒಂದು ಸುತ್ತು ಹಾರಿ ಮತ್ತೆ ಅದೇ ಕಡ್ಡಿಯ ಅದೇ ತುದಿಗೆ ಬಂದು ಕೂತಿತು.

ಆಗ ಅಂಗಡಿಯಲ್ಲಿ ರವಿಕೆ ಕೇಳಲು ಬಂದಿದ್ದ ಟೀಚರಮ್ಮ ಒಬ್ಬರಿದ್ದರು. ನಾಳೆ ಬನ್ನಿ ಎಂದು ನಾನು ಅವರಿಗೆ ಹೇಳಿ ವಾರ ಕಳೆದಿತ್ತು. ಈ ಊರಿನ ಹೆಂಗಸರಿಗೆ ನಾನು ಇದುವರೆಗೆ ಹೇಳಿರುವ ನಾಳೆಗಳನ್ನೆಲ್ಲ ಸೇರಿಸಿ ಹೊಲಿದರೆ ಅಜ್ಜಂಪುರದವರೆಗೂ ಹಾಸಬಹುದು. ಅವರು ಕೈಲಿದ್ದ ಪೇಪರ್ ಎತ್ತಿ ಚಿಟ್ಟೆಯನ್ನು ಓಡಿಸಲು ಹೋದರು. ನಾನು ಕೈ ಅಡ್ಡ ಹಿಡಿದು, ಅದು ಕೂತಿರುವಷ್ಟು ಹೊತ್ತು ಮಿಷನ್ ತುಳಿಯುವ ಹಾಗಿಲ್ಲ, ಆದ್ದರಿಂದ ರವಿಕೆ ಇವತ್ತೂ ಆಗುವುದಿಲ್ಲ ಎಂದೆ. ಇಷ್ಟು ಸಣ್ಣ ನೆಪ ಹೇಳುವ ಟೈಲರನ್ನು ಅವರು ಎಲ್ಲೂ ಕಂಡಿರಲಿಲ್ಲವೆಂದು ತೋರುತ್ತದೆ. ನಗುತ್ತಲೇ ಹೋದರು.

ಸೂಜಿಚಿಟ್ಟೆ ಎಂದರೆ ಏರೋಪ್ಲೇನ್ ಚಿಟ್ಟೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏರೋಪ್ಲೇನ್ ಚಿಟ್ಟೆ ದಪ್ಪ, ಕೂತಾಗಲೂ ರೆಕ್ಕೆ ಅಗಲಿಸಿಕೊಂಡೇ ಇರುತ್ತದೆ, ಮಳೆಗಾಲ ಮುಗಿಯುವಾಗ ಮೈದಾನದ ಮೇಲೆಲ್ಲ ಹಾರುತ್ತದೆ. ಸೂಜಿಚಿಟ್ಟೆಗೆ ಮೈಯೆಂಬುದೇ ಇಲ್ಲ, ದಬ್ಬಳಕ್ಕಿಂತ ತೆಳು. ಕೂತರೆ ನಾಲ್ಕು ರೆಕ್ಕೆಯನ್ನೂ ಇಸ್ತ್ರಿ ಮಾಡಿದ ಸೀರೆಯಂತೆ ಮಡಚಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತದೆ. ದೂರ ಹಾರುವುದಿಲ್ಲ. ನೀರಿನ ಪಕ್ಕದ ಜೊಂಡಿನಿಂದ ಹುಲ್ಲಿಗೆ, ಹುಲ್ಲಿನಿಂದ ಕಲ್ಲಿಗೆ, ಅಷ್ಟೇ ಅದರ ಸಂಚಾರ. ಪುಸ್ತಕದಲ್ಲಿ ಇದಕ್ಕೆ ಏನು ಹೆಸರಿದೆಯೋ, ನಮ್ಮ ಮನೆಯಲ್ಲಂತೂ ಸೂಜಿಚಿಟ್ಟೆ.

ನನ್ನ ತವರು ತರೀಕೆರೆಯಿಂದ ಬೆಟ್ಟದ ಕಡೆಗೆ ಸ್ವಲ್ಪ ದೂರ. ಊರ ಹಿಂದೆ ಒಂದು ಹಳ್ಳ. ದೊಡ್ಡ ಹಳ್ಳವೇನಲ್ಲ, ಬೇಸಿಗೆಯಲ್ಲಿ ಅದಕ್ಕೆ ತನ್ನ ಮೇಲೆ ತನಗೇ ನಂಬಿಕೆ ಇರುವುದಿಲ್ಲ. ಆದರೆ ಮಳೆ ಹಿಡಿದು ಬಿಟ್ಟ ಮೇಲೆ, ಭಾದ್ರಪದದ ಹೊತ್ತಿಗೆ, ತಳದ ಕಲ್ಲು ಕಾಣುವಷ್ಟು ತಿಳಿಯಾಗಿ ಹರಿಯುತ್ತದೆ. ಸೂಜಿಚಿಟ್ಟೆಗಳ ಕಾಲವೂ ಅದೇ. ನೀಲಿ ಬಾಲದವು, ಅರಿಶಿನದ ಬಣ್ಣದವು, ಕೂತಾಗ ಕರ‍್ರಗೆ ಕಂಡು ರೆಕ್ಕೆ ತೆರೆದ ಕೂಡಲೇ ಹಸಿರು ಮಿಂಚುವವು. ಬಟ್ಟೆ ಒಗೆಯಲು ಹೋದ ನಾನು ಒಂದು ಲಂಗಕ್ಕೆ ಸೋಪು ಹಚ್ಚಿ, ಅದರ ನೊರೆ ಒಣಗುವವರೆಗೂ ಇವನ್ನು ನೋಡುತ್ತ ಕೂತಿರುತ್ತಿದ್ದೆ. ಅವ್ವನ ಬೈಗುಳ ಹಳ್ಳದ ಆಚೆ ದಡಕ್ಕೂ ಕೇಳುತ್ತಿತ್ತು.

ಗಂಡು ಚಿಟ್ಟೆಗೆ ಒಂದು ಜಾಗ ಇರುತ್ತದೆ. ಒಂದು ಕಡ್ಡಿ, ಇಲ್ಲವೇ ನೀರಿನಿಂದ ತಲೆ ಎತ್ತಿದ ಒಂದು ಕಲ್ಲು. ಬೇರೆಯವನು ಹತ್ತಿರ ಸುಳಿದರೆ ಎದ್ದು ಅಟ್ಟಿಸಿಕೊಂಡು ಹೋಗುತ್ತದೆ. ಇಬ್ಬರೂ ಎದುರುಬದುರು ನಿಂತಲ್ಲೇ ಮೇಲೆ ಕೆಳಗೆ ಆಡುತ್ತಾರೆ, ಒಂದು ಏಟೂ ಬೀಳುವುದಿಲ್ಲ. ಆಮೇಲೆ ಇವನು ಬಂದು ತನ್ನ ಕಡ್ಡಿಯ ಮೇಲೆ ಕೂತು, ರೆಕ್ಕೆಯನ್ನು ಒಮ್ಮೆ ಬಿಚ್ಚಿ ಮುಚ್ಚುತ್ತಾನೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು, ಜಗಳ ಗೆದ್ದು ಕೂತ ಮೇಲೆ ಟವೆಲ್ ಕೊಡವಿಕೊಳ್ಳುವುದನ್ನು ನೀವು ನೋಡಿರಬಹುದು. ಅದೇ ಗತ್ತು.

ಒಮ್ಮೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಹೆಬ್ಬೆ ಜಲಪಾತ ನೋಡಲು ಹೋಗಿದ್ದೆವು. ಜೀಪಿನಲ್ಲಿ ಕುಲುಕಿ ಸೊಂಟದ ಕೀಲೆಲ್ಲ ಸಡಿಲವಾದ ಮೇಲೆ ನೀರು ಕಂಡಿತು. ಎಲ್ಲರೂ ತಲೆ ಎತ್ತಿ ಅಷ್ಟೆತ್ತರದಿಂದ ಬೀಳುವ ನೀರು ನೋಡುತ್ತಿದ್ದರೆ ನಾನು ಮಾತ್ರ ತಲೆ ತಗ್ಗಿಸಿ ಕೆಳಗಿನ ಕಲ್ಲಿನ ಮೇಲೆ ಕೂತ ಒಂದು ಹಸಿರು ಮಿಂಚಿನವನನ್ನು ನೋಡುತ್ತಿದ್ದೆ. ಆ ದಿನದ ಫೋಟೋಗಳಲ್ಲೆಲ್ಲ ನನ್ನ ನೆತ್ತಿ ಮಾತ್ರ ಬಂದಿದೆ.

ಹಳ್ಳದ ವಿಷಯ ಎಂದರೆ ಗೌರತ್ತಿಗೆಯ ವಿಷಯ ಬರಲೇಬೇಕು. ಗೌರತ್ತಿಗೆ ಎಂದರೆ ನಮ್ಮ ಚಂದ್ರಣ್ಣನ ಹೆಂಡತಿ. ಅವಳ ತವರು ಶಿವನಿ. ರೈಲು ಸ್ಟೇಷನ್ನಿನ ಬಗಲಲ್ಲೇ ಮನೆ. ಯಾವ ಗಾಡಿ ಯಾವ ಹೊತ್ತಿಗೆ ಬರುತ್ತದೆ, ಯಾವುದು ನಿಲ್ಲದೆ ಹೋಗುತ್ತದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದಳು. ಆದರೆ ಹರಿಯುವ ನೀರಿನ ಸಹವಾಸ ಅವಳಿಗಿರಲಿಲ್ಲ. ನಮ್ಮ ಮನೆಗೆ ಬಂದ ಹೊಸದರಲ್ಲಿ ಹಳ್ಳಕ್ಕೆ ಕಾಲಿಡುವಾಗ ಚಪ್ಪಲಿ ಬಿಟ್ಟು, ಸೀರೆ ಎತ್ತಿ, ಉಸಿರು ಬಿಗಿ ಹಿಡಿದು, ಯಾರದೋ ಮನೆಯ ಅಡುಗೆಮನೆಗೆ ಕೇಳದೆ ನುಗ್ಗುವವಳಂತೆ ಅಂಜುತ್ತಿದ್ದಳು.

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ಮುಂಚೆ ಮನೆಯ ಬಟ್ಟೆಯೆಲ್ಲ ನೀರು ಕಾಣಬೇಕು. ತೀರಿಕೊಂಡವರು ಎಡೆ ಉಣ್ಣಲು ಬರುವ ದಿನ ಮನೆಯಲ್ಲಿ ಒಂದು ಮೈಲಿಗೆ ಚಿಂದಿಯೂ ಇರಕೂಡದು. ಸೀರೆ ಪಂಚೆ ಸರಿ, ದುಪ್ಪಟಿ, ಕಂಬಳಿ, ಕೌದಿ, ಮದುವೆಗೆ ಹಾಸುವ ದೊಡ್ಡ ಜಮಖಾನ, ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಊರಿಗೆ ಊರೇ ಹಳ್ಳಕ್ಕೆ ಹೋಗುತ್ತಿತ್ತು. ಗಂಡಸರ ಕೆಲಸ ಗಾಡಿಯಿಂದ ಇಳಿಸಿ ಕೊಡುವವರೆಗೆ. ಆಮೇಲೆ ಅವರು ಆಚೆ ಮರದ ಕೆಳಗೆ ಬೀಡಿ ಸೇದುತ್ತ ಕೂರುತ್ತಿದ್ದರು.

ಗೌರತ್ತಿಗೆಯ ಮೊದಲ ವರ್ಷದ ಹಬ್ಬ ಅದು. ನಾನಿನ್ನೂ ಲಂಗದ ಹುಡುಗಿ. ನೆನೆದ ಜಮಖಾನ ಹಿಂಡಲು ಎರಡು ಬಲವಾದ ಕೈ ಬೇಕು. ಒಂದು ತುದಿ ಒಬ್ಬರು, ಇನ್ನೊಂದು ತುದಿ ಇನ್ನೊಬ್ಬರು ಹಿಡಿದು, ಇವರು ಬಲಕ್ಕೆ ಅವರು ಎಡಕ್ಕೆ ತಿರುಗಿಸಬೇಕು. ಅವತ್ತು ಅವ್ವನಿಗೆ ಸೊಂಟ ಹಿಡಿದಿತ್ತು. ಗಾಡಿಯ ಹತ್ತಿರ ಸುಮ್ಮನೆ ನಿಂತಿದ್ದ ಅಣ್ಣನನ್ನು ಕರೆದು ಒಂದು ತುದಿ ಅವನ ಕೈಗೆ ಕೊಟ್ಟಳು. ಇನ್ನೊಂದು ತುದಿ ಅತ್ತಿಗೆಯ ಕೈಯಲ್ಲಿತ್ತು. ಆಗೆಲ್ಲ ಹೊಸ ಗಂಡ ಹೆಂಡತಿ ಹಿರಿಯರ ಎದುರು ಮಾತಾಡುವ ರೂಢಿಯಿರಲಿಲ್ಲ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು ಹಿಂಡತೊಡಗಿದರು.

ಅತ್ತಿಗೆ ಮುಖ ತಿರುಗಿಸಿದ್ದು ಮಡುವಿನ ಕಡೆಗೆ. ಒಗೆಯುವ ಕಲ್ಲುಗಳ ಪಕ್ಕದಲ್ಲೇ ಹಳ್ಳ ಆಳವಾಗಿ ಮಡುವಾಗಿದೆ. ಅದರ ಅಂಚಿನ ಜೊಂಡಿನ ಮೇಲೆ ಒಂದು ಜೋಡಿ ಸೂಜಿಚಿಟ್ಟೆ ಕೂತಿತ್ತು. ನೀಲಿ ಗಂಡು ತನ್ನ ಬಾಲದ ತುದಿಯಿಂದ ಮಣ್ಣುಬಣ್ಣದ ಹೆಣ್ಣಿನ ಕುತ್ತಿಗೆ ಕಚ್ಚಿ ಹಿಡಿದು, ಅದರ ಮೇಲೆ ಧ್ವಜದ ಕಂಬದಂತೆ ನೆಟ್ಟಗೆ ನಿಂತಿತ್ತು. ಹೆಣ್ಣು ಹಿಮ್ಮುಖವಾಗಿ ಜೊಂಡಿನ ಕಡ್ಡಿಯಲ್ಲಿ ಇಳಿಯುತ್ತ ಇಳಿಯುತ್ತ ಮೊದಲು ಬಾಲ, ಆಮೇಲೆ ರೆಕ್ಕೆ, ಕೊನೆಗೆ ತಲೆಯೂ ನೀರಿನೊಳಗೆ ಹೋಯಿತು. ರೈಲು ಮಾತ್ರ ನೋಡಿ ಬೆಳೆದವಳಿಗೆ ಏನೆನ್ನಿಸಬೇಕು? ಆ ಗಂಡು ಪ್ರಾಣಿ ಆ ಬಡಪಾಯಿಯನ್ನು ಕುತ್ತಿಗೆ ಹಿಡಿದು ಮುಳುಗಿಸುತ್ತಿದೆ ಎಂದೇ ತಿಳಿದಳು. ಜಮಖಾನದ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ, ಬಲಗೈ ಚಾಚಿ ಬಿಡಿಸಲು ಬಗ್ಗಿದಳು. ಕಲ್ಲಿನ ಮೇಲೆ ಪಾಚಿಯಿತ್ತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅತ್ತಿಗೆ ಮಡುವಿನೊಳಗಿದ್ದಳು.

ಹೆಂಗಸರೆಲ್ಲ ಬೊಬ್ಬೆ ಹಾಕಿದರು. ಅಣ್ಣ ಬೊಬ್ಬೆ ಹಾಕಲಿಲ್ಲ, ನೀರಿಗೆ ಹಾರಲೂ ಇಲ್ಲ. ಎರಡು ಕಲ್ಲಿನ ನಡುವೆ ಕಾಲು ಊರಿ, ತನ್ನ ತುದಿಯನ್ನು ಎದೆಗವಚಿಕೊಂಡು ನಿಂತುಬಿಟ್ಟ. ಜಮಖಾನ ಹಗ್ಗದಂತೆ ಬಿಗಿಯಿತು. ಅದರ ಆ ತುದಿಯಲ್ಲಿ ಅತ್ತಿಗೆಯ ತಲೆ ಮೇಲೆ ಬಂತು.

"ಬಿಡ್‌ಬ್ಯಾಡಿ" ಎಂದಳು, ಬಾಯಿಂದ ನೀರು ಉಗುಳಿ.

"ಹಿಡ್ದಿದೀನಿ ಕಣೇ" ಎಂದ ಅಣ್ಣ.

ನಮ್ಮೆದುರು ಅವರಿಬ್ಬರು ಆಡಿದ ಮೊದಲ ಮಾತು ಅದು. ದಡಕ್ಕೆ ಬಂದ ಅತ್ತಿಗೆ ತನ್ನ ಮೈ ನೋಡಿಕೊಳ್ಳದೆ ಜೊಂಡಿನ ಕಡೆ ಕೈ ತೋರಿಸಿ, ಅದು ಸತ್ತೇ ಹೋಯಿತಲ್ಲ ಎಂದು ಅಳತೊಡಗಿದಳು. ಅವ್ವ ಸೆರಗಿನಿಂದ ಅವಳ ತಲೆ ಒರೆಸುತ್ತ ಹೇಳಿದಳು: "ಅವ್ನು ಮುಳುಗಿಸ್ತಿಲ್ಲ ಕಣಮ್ಮ. ಅವ್ಳು ಮೊಟ್ಟೆ ಇಡಕ್ಕೆ ನೀರಿಗಿಳ್ದವ್ಳೆ. ಬರಾಗಂಟ ಅವ್ನು ಹಿಡ್ಕಂಡವ್ನೆ."

ಅತ್ತಿಗೆ ನಂಬಲಿಲ್ಲ. ಒದ್ದೆ ಸೀರೆಯಲ್ಲೇ ಕಾಯುತ್ತ ಕೂತಳು. ಬಗ್ಗಿ ನೋಡಿದರೆ ನೀರಿನೊಳಗೆ ಹೆಣ್ಣಿನ ಮೈಗೆಲ್ಲ ಗಾಳಿ ಅಂಟಿಕೊಂಡು ಬೆಳ್ಳಿ ಬಳಿದಂತೆ ಹೊಳೆಯುತ್ತಿತ್ತು. ಬಹಳ ಹೊತ್ತಾದ ಮೇಲೆ ಅದು ಕಡ್ಡಿ ಹತ್ತಿ ಮೇಲೆ ಬಂತು, ಗಂಡು ಕುತ್ತಿಗೆ ಬಿಟ್ಟಿರಲಿಲ್ಲ. ರೆಕ್ಕೆ ಒಣಗಿಸಿಕೊಂಡು ಎರಡೂ ಒಟ್ಟಿಗೇ ಹಾರಿಹೋದವು. ಆಮೇಲಷ್ಟೇ ಅತ್ತಿಗೆ ಸೀರೆ ಬದಲಿಸಲು ಎದ್ದದ್ದು.

ಎಲ್ಲ ಗಂಡುಗಳೂ ಹೀಗೆ ಎಂದುಕೊಳ್ಳಬೇಡಿ. ನಾನು ಆಮೇಲೆ ಎಷ್ಟೋ ವರ್ಷ ಗಮನಿಸಿ ನೋಡಿದ್ದೇನೆ. ಕೆಲವು ನೀರು ತಾಗುವವರೆಗೆ ಹಿಡಿದುಕೊಂಡಿದ್ದು, ಕಾಲು ಒದ್ದೆಯಾದ ಕೂಡಲೇ ಬಿಟ್ಟು, ಪಕ್ಕದ ಕಡ್ಡಿಯಲ್ಲಿ ಕೂತು ನೋಡುತ್ತಿರುತ್ತವೆ. ನಮ್ಮ ಯಜಮಾನರು ಆ ಜಾತಿಗೆ ಸೇರಿದವರು. ಅವರದು ಎಮ್ಮೆದೊಡ್ಡಿ ಕಡೆ, ಕಾವಲಿನ ಹುಲ್ಲು, ದನ, ಬಿಸಿಲು ನೋಡಿ ಬೆಳೆದ ಜೀವ. ಹಳ್ಳಕ್ಕೆ ಕರೆದುಕೊಂಡು ಹೋದರೆ ನೆರಳು ಹುಡುಕಿಕೊಂಡು ಕೂತು, ಅಲ್ಲಿಂದಲೇ ಹುಷಾರು ಎನ್ನುತ್ತಾರೆ. ಅದೂ ಒಂದು ಬಗೆಯ ಪ್ರೀತಿಯೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಅಣ್ಣ ಮಾತ್ರ ಅಂದಿನಿಂದ ಪ್ರತಿ ವರ್ಷ ಹಿರಿಯರ ಹಬ್ಬದ ಒಗೆತಕ್ಕೆ ಬಂದು ಜಮಖಾನದ ಒಂದು ತುದಿ ಹಿಡಿಯತೊಡಗಿದ. ಮರದ ಕೆಳಗಿನ ಗಂಡಸರು, ಹೆಂಡತಿ ಸೆರಗು ಹಿಡಿದುಕೊಂಡು ಬಂದ ಎಂದು ಆಡಿಕೊಂಡರು. ಅವನದು ಹೊಲದಲ್ಲಿ ಮಾತು ಕಡಿಮೆ, ಮನೆಯಲ್ಲಿ ಇನ್ನೂ ಕಡಿಮೆ. ಹೆಂಡತಿಯನ್ನು ಹೊಗಳಿದ್ದು, ಒಂದು ಮೊಳ ಹೂ ತಂದದ್ದು ನಾನಂತೂ ಕಾಣೆ. ಆದರೆ ಜಮಖಾನ ಬಿಗಿಯುವಾಗ ಒಮ್ಮೆ, ಹಿಡ್ದಿದೀನಿ ಕಣೇ, ಎನ್ನದೆ ಬಿಡುತ್ತಿರಲಿಲ್ಲ. ಅತ್ತಿಗೆ ಆ ಮಾತು ಕೇಳಿದ ಮೇಲೇ ತಿರುಗಿಸಲು ಶುರು ಮಾಡುತ್ತಿದ್ದಳು. ಮುದುಕಿಯಾಗುತ್ತ ಬಂದರೂ ಅದು ತಪ್ಪಲಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಕಾಲೂ ಅಷ್ಟಿಷ್ಟು ಎಳೆದುಕೊಂಡು ಬಂತು. ಬಲಗೈ ಮತ್ತು ಮಾತು ಹಿಂದೆ ಉಳಿದವು. ಕಾಫಿ ಲೋಟ ಕೈಯಿಂದ ಜಾರಿ ಬಿದ್ದ ದಿನದಿಂದ ಆ ಕೈಯನ್ನು ಟವೆಲ್ಲಿನಡಿ ಮುಚ್ಚಿಕೊಂಡು ಕೂರತೊಡಗಿದ. ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದ. ಮಾತು ತೊದಲುತ್ತದೆಂದು ಇದ್ದ ನಾಲ್ಕು ಮಾತನ್ನೂ ನಿಲ್ಲಿಸಿದ. ಕೈಗೆ ಕೆಲಸ ಕೊಟ್ಟರೆ ಸುಧಾರಿಸುತ್ತದೆ, ಸುಮ್ಮನೆ ಬಿಟ್ಟರೆ ಹೀಗೇ ಉಳಿದುಬಿಡಬಹುದು ಎಂದು ಡಾಕ್ಟರು ಎಚ್ಚರಿಸಿ, ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟರು. ಅಣ್ಣ ಅದನ್ನು ಅಂಗಳಕ್ಕೆ ಎಸೆದ. ಮನೆಯ ನಾಯಿ ಕಚ್ಚಿಕೊಂಡು ಹೋಗಿ ಅವನ ಪಾಲಿನ ವ್ಯಾಯಾಮವನ್ನೆಲ್ಲ ತಾನೇ ಮಾಡಿತು.

ಮಗ ಮಂಜು ಬೈದ, ಸೊಸೆ ಸುಮಾ ಗೋಗರೆದಳು. ನಾನೂ ಹೋಗಿ ಅಣ್ಣನ ಮಂಚದ ಪಕ್ಕ ಕೂತು ಉಪದೇಶ ಮಾಡಿದೆ. ಕಷ್ಟ, ಸುಖ, ಧೈರ್ಯ, ದೇವರು, ಏನೇನು ನೆನಪಾಯಿತೋ ಎಲ್ಲ ಹೇಳಿದೆ. ಅವನು ಗೋಡೆ ಕಡೆ ಮಗ್ಗುಲಾದ. ಹೇಳಿದ ದಿನಕ್ಕೆ ಒಂದು ರವಿಕೆ ಕೊಡಲಾರದವಳ ಮಾತಿಗೆ ಅಷ್ಟೇ ಬೆಲೆ. ಅತ್ತಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ನನ್ನೊಬ್ಬಳ ಹತ್ತಿರ, ಆ ಕೈ ಹೋದರೆ ಹೋಗಲಿ, ಅದನ್ನು ನೆಚ್ಚಿಕೊಂಡಿರುವ ಮನುಷ್ಯ ಹೋಗಿಬಿಡುತ್ತಾನಲ್ಲ ಎಂದು ಕಣ್ಣೊರೆಸಿಕೊಂಡಳು. ನನಗೆ ಅಲ್ಲಿಯವರೆಗೆ ಅದರ ಆಳ ತಿಳಿದಿರಲಿಲ್ಲ.

ಈ ವರ್ಷ ಮಳೆ ಚೆನ್ನಾಯಿತು. ಹಿರಿಯರ ಹಬ್ಬ ಹತ್ತಿರ ಬಂದಾಗ ಅತ್ತಿಗೆ ಫೋನ್ ಮಾಡಿ, ಶುಕ್ರವಾರ ಅಂಗಡಿ ಬಾಗಿಲು ಹಾಕಿಕೊಂಡು ಬಾ, ಹಳ್ಳಕ್ಕೆ ಹೋಗುವುದಿದೆ ಎಂದಳು. ಈಗ ಊರಲ್ಲಿ ಬೇರೆ ಯಾರೂ ಹಳ್ಳಕ್ಕೆ ಹೋಗುವುದಿಲ್ಲ, ಎಲ್ಲರ ಮನೆಯಲ್ಲೂ ವಾಷಿಂಗ್ ಮಿಷನ್ ಇದೆ. ನಾನು ಹೋಗುವ ಹೊತ್ತಿಗೆ ಬಾಗಿಲಲ್ಲಿ ಮಂಜುವಿನ ಗೂಡ್ಸ್ ಆಟೋ ನಿಂತಿತ್ತು. ಅದರಲ್ಲಿ ಜಮಖಾನ, ಒಂದು ಪ್ಲಾಸ್ಟಿಕ್ ಕುರ್ಚಿ, ಮುಖ ಊದಿಸಿಕೊಂಡ ಅಣ್ಣ. ಅಪ್ಪನನ್ನು ಯಾಕೆ ಎಳೆದುಕೊಂಡು ಹೋಗುತ್ತೀಯ ಎಂದು ಮಂಜು ರೇಗುತ್ತಿದ್ದ. ಜಮಖಾನ ಮಿಷನ್ನಿಗೆ ಹಿಡಿಸುವುದಿಲ್ಲ, ಹಿಂಡಲು ಜನ ಬೇಕು ಎಂದಳು ಅತ್ತಿಗೆ. ಸುಮಾ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಒಳಗೆ ಹೋದಳು.

ಹಳ್ಳದ ದಡದಲ್ಲಿ ಪಂಪ್‌ಸೆಟ್ಟಿನ ಪೈಪು, ಶಾಂಪೂ ಕವರು ಬಂದಿವೆ. ಒಗೆಯುವ ಕಲ್ಲುಗಳು ಇದ್ದಲ್ಲೇ ಇವೆ. ಸೂಜಿಚಿಟ್ಟೆಗಳೂ ಇದ್ದವು. ಕುರ್ಚಿಯನ್ನು ಪಾದ ಮುಳುಗುವಷ್ಟು ನೀರಿನಲ್ಲಿ ಇಟ್ಟು ಅಣ್ಣನನ್ನು ಕೂರಿಸಿದೆವು. ಒಂದು ನೀಲಿ ಗಂಡು ಆಗಲೇ ಬಂದು ಕುರ್ಚಿಯ ಕೈ ಮೇಲೆ ಕೂತು ಜಾಗ ತನ್ನದೆಂದಿತು. ಅಣ್ಣ ಅದನ್ನು ಓಡಿಸಲಿಲ್ಲ. ಬಲಗೈ ಟವೆಲ್ಲಿನಡಿಯಲ್ಲೇ ಇತ್ತು.

ಅತ್ತಿಗೆ ಜಮಖಾನ ನೆನೆಸಿ, ಸೋಪು ಹಾಕಿ, ನನ್ನಿಂದ ತುಳಿಸಿ, ಜಾಲಿಸಿದಳು. ಒಂದು ತುದಿ ತಂದು, ಟವೆಲ್ ಸರಿಸಿ, ಅಣ್ಣನ ಬಲಗೈಯೊಳಗೆ ಇಟ್ಟಳು. "ತಿರುಗಿಸಾದು ಬ್ಯಾಡ" ಎಂದಳು. "ಅದನ್ನ ನಾನು ಮಾಡ್ಕತೀನಿ. ನೀವು ಬಿಡ್ದಂಗೆ ಹಿಡ್ಕಂಡಿದ್ರೆ ಸಾಕು."

ಅವಳು ಎಳೆದ ಕೂಡಲೇ ತುದಿ ಜಾರಿ ನೀರಿಗೆ ಬಿತ್ತು. ನಾನು ಎತ್ತಿಕೊಡಲು ಹೋದರೆ ಅತ್ತಿಗೆ ಕಣ್ಣಲ್ಲೇ ಗದರಿಸಿದಳು. ತಾನೇ ಬಂದು ಮತ್ತೆ ಇಟ್ಟಳು. ಮತ್ತೆ ಜಾರಿತು. ಅಣ್ಣ ಮುಖ ಆಚೆ ತಿರುಗಿಸಿ ಕೈಯನ್ನು ಟವೆಲ್ಲಿನಡಿಗೆ ಎಳೆದುಕೊಂಡ. ಮಗನ ಎದುರು, ತಂಗಿಯ ಎದುರು ಅವನನ್ನು ಯಾಕೆ ಹೀಗೆ ಹಣ್ಣು ಮಾಡುತ್ತಾಳೆ ಎಂದು ನನಗೆ ಅತ್ತಿಗೆಯ ಮೇಲೆ ಸಿಟ್ಟೇ ಬಂತು.

ಅವಳು ಆ ತುದಿಯನ್ನು ಅವನ ತೊಡೆಯ ಮೇಲಿಟ್ಟಳು. ತನ್ನ ತುದಿ ಹಿಡಿದುಕೊಂಡು ಹಿಂದೆ ಹಿಂದೆ ಹೋಗಿ ಮಡುವಿನ ಅಂಚಿನ ಕಲ್ಲಿನ ಮೇಲೆ ನಿಂತಳು. ಈಗ ಅವಳಿಗೂ ಮಂಡಿ ನೋವು, ಸಮ ನೆಲದಲ್ಲೇ ಸಾವರಿಸಿಕೊಂಡು ನಡೆಯುವವಳು.

"ಅತ್ತಿಗೆ, ಅಲ್ಲಿ ಪಾಚಿ ಐತೆ" ಎಂದೆ.

"ಆ ಪಾಚಿ ನಂಗೆ ಗೊತ್ತಿಲ್ವೇನೇ" ಎಂದವಳು ನಮ್ಮ ಕಡೆಗೆ ಬೆನ್ನು ಹಾಕಿ, ಜಮಖಾನ ತಿರುಗಿಸದೆ ಕಾದಳು.

ಮಂಜು ನೀರಿಗಿಳಿಯಲು ಹೊರಟ. ಅಷ್ಟರಲ್ಲಿ ಅಣ್ಣ ಅಲುಗಿದ. ಎಡಗೈಯಿಂದ ಟವೆಲ್ ಎತ್ತಿ ಎಸೆದ. ತೊಡೆಯ ಮೇಲಿದ್ದ ತುದಿಯನ್ನು ಬಲಗೈಯೊಳಗೆ ತುರುಕಿ, ಮುದುಡಲಾರದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿ, ಅದರ ಮೇಲೆ ಎಡಗೈಯನ್ನು ಒತ್ತಿ ಎದೆಗವಚಿಕೊಂಡ. ಕಾಲುಗಳನ್ನು ಕಲ್ಲಿಗೆ ಊರಿದ. ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು.

"ಇಡ್ದಿ... ದೀನಿ" ಎಂದ. ಸ್ವಲ್ಪ ತಡೆದು, "ಕಣೇ" ಎಂದ. ಅದು ಮಾತ್ರ ಸ್ಪಷ್ಟವಾಗಿತ್ತು.

ಅತ್ತಿಗೆ ತಿರುಗಿ ನೋಡಲಿಲ್ಲ. ಜಮಖಾನ ತಿರುಗಿಸತೊಡಗಿದಳು. ಅದು ಹುರಿಗೊಂಡು ಬಿಗಿಯಾಯಿತು, ನೀರು ಧಾರೆಯಾಗಿ ಸುರಿಯಿತು, ಅಣ್ಣನ ಬೆರಳು ಬೆಳ್ಳಗಾದವು. ತುದಿ ಜಾರಲಿಲ್ಲ. ಹಿಂಡಿ ಮುಗಿಸಿದ ಅತ್ತಿಗೆ ಆ ಜಮಖಾನವನ್ನೇ ಆಧಾರ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಕಲ್ಲಿನಿಂದ ಇಳಿದು ಬಂದಳು. ನನಗೆ ಅಳು ತಡೆಯಲಾಗಲಿಲ್ಲ. ಹಳ್ಳದ ನೀರಿನಿಂದ ಮುಖ ತೊಳೆದುಕೊಂಡೆ, ಯಾರಿಗೂ ಗೊತ್ತಾಗದ ಹಾಗೆ.

ವಾಪಸು ಮನೆ ಮುಟ್ಟಿದಾಗ ಸುಮಾ ಬಂದು ನನ್ನ ಕಿವಿಯಲ್ಲಿ, ಆ ಜಮಖಾನವನ್ನು ಮೊನ್ನೆಯೇ ಒಗೆದು ತಾರಸಿಯ ಮೇಲೆ ಒಣಗಿಸಿ ಮಡಚಿಟ್ಟಿದ್ದೆ ಎಂದಳು. ತುಳಿಯುವಾಗ ಜಮಖಾನದಿಂದ ಕೊಳೆಯೇ ಬಿಡದೆ ನೀರು ಒಂದು ಚೂರೂ ಕದಡದೆ ಇದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ತುಳಿದು ತುಳಿದು ಸುಸ್ತಾದವಳು ನಾನು. ಅತ್ತಿಗೆಯನ್ನು ನೋಡಿದೆ. ಅವಳು ಆಟೋದಿಂದ ಜಮಖಾನ ಇಳಿಸಿಕೊಳ್ಳುತ್ತಿದ್ದಳು. ಅದರ ಒಂದು ಮೂಲೆ ಇನ್ನೂ ಅಣ್ಣನ ಬಲಗೈಯಲ್ಲೇ ಇತ್ತು.

"ಬಿಡಿ ಇನ್ನ" ಎಂದಳು. "ಮನೆ ಬಂತು."

ಅಣ್ಣ ತನ್ನ ಕೈಯನ್ನು ನೋಡಿದ, ಅವಳನ್ನು ನೋಡಿದ, ಬಿಡಲಿಲ್ಲ. ಆ ಬೆರಳಿಗೆ ಬಿಡಲು ಬರುತ್ತಿರಲಿಲ್ಲವೋ, ಅವನಿಗೆ ಮನಸ್ಸಿರಲಿಲ್ಲವೋ ನನಗೆ ತಿಳಿಯಲಿಲ್ಲ. ಅತ್ತಿಗೆ ಮತ್ತೊಮ್ಮೆ ಕೇಳಲಿಲ್ಲ. ಉಳಿದ ಜಮಖಾನವನ್ನು ಎದೆಗೆ ಒತ್ತಿಕೊಂಡು, ಅವನು ಕಾಲೆಳೆದುಕೊಂಡು ನಡೆಯುವಷ್ಟೇ ನಿಧಾನವಾಗಿ, ಅವನ ಜೊತೆ ಒಳಗೆ ಹೋದಳು.